ಸತ್ತವನ ಹೆಬ್ಬೆಟ್ಟು

ಜವಾನ ಹುಚ್ಚಯ್ಯ ಸಂಜೆ ರೆಕಾರ್ಡ್ ರೂಮಿಗೆ ಬೀಗ ಆಕಕ್ಕೆ ಓದಾಗ ಮೊದ್ಲು ಕಂಡಿದ್ದು ಒಂದು ಕಾಲು. ಎಲ್ಡು ಕಬ್ಬಿಣದ ಕಪಾಟಿನ ಸಂದೀಲಿ, ನೆಲದ ಮ್ಯಾಲೆ ಚಾಚ್ಕೊಂಡಿತ್ತು. ಸಾಹೇಬ್ರು ಉಂಡು ತಣ್ಣಗೆ ಒರಗವ್ರೆ ಅನ್ಕೊಂಡ. ಬೀಗ ಆಕ್ಬೇಕು ಸಾ, ಅಂದ. ಮಾತಿಲ್ಲ. ಬಗ್ಗಿ ನೋಡ್ದ. ಕುತ್ತಿಗೇಲಿ ಕೆಂಪು ಬಟ್ಟೆ. ಹಳೇ ಕಡತಾನೆಲ್ಲ ಗಂಟು ಕಟ್ಟಿ ಮಡಗ್ತಾರಲ್ಲ, ಅದೇ ಬಟ್ಟೆ. ಸುತ್ತಿ ಹಿಂದ್ಗಡೆಯಿಂದ ಎಳ್ದಿದ್ರು. ಕಣ್ಣು ಮುಚ್ಚಿರ್ನಿಲ್ಲ.

ಈ ವಾಯ್ಸ್ ಮೆಸೇಜು ಒಸಿ ಉದ್ದ ಆಯ್ತದೆ ಕಣ್ರಪ್ಪ. ಕೇಳೋ ತಾಳ್ಮೆ ಇಲ್ದೋರು ಈಗ್ಲೇ ಫೋನ್ ಮಡಗ್ಬುಡಿ. ಆಮ್ಯಾಲೆ ಅರ್ಧಕ್ಕೆ ಬುಟ್ಟೆ, ಏನಾಯ್ತು ಮಾವ, ಅಂತ ನನ್ನ ಪ್ರಾಣ ತಿನ್ಬೇಡಿ.

ಸತ್ತೋನು ದೊಡ್ಡಮಲ್ಲಪ್ಪ, ಆ ಕಚೇರಿ ಶಿರಸ್ತೇದಾರ. ಕಚೇರಿ ಯಾವ್ದು ಅಂತ ಏಳಲ್ಲ. ಚಾಮರಾಜನಗರದಲ್ಲಿ ಒಂದು ಹಳೇ ಬಾಡಿಗೆ ಮನೇಲಿತ್ತು, ಈಗ ಕೆಡವಿ ಕಾಂಪ್ಲೆಕ್ಸ್ ಕಟ್ಟವ್ರೆ. ಎಲ್ಡು ಸಾವಿರದ ಆರನೇ ಇಸವಿ ಬ್ಯಾಸಗೆ. ನಾನು ಆಗ ಪೊಲೀಸ್ ದಫೇದಾರ. ನಮ್ಮ ಎಸ್ಸೈ ಹೊಸಬ, ಮಂಡ್ಯ ಕಡೆಯೋನು, ಒಳ್ಳೇ ಹುಡ್ಗ, ಆದ್ರೆ ಆತುರ.

ಕಚೇರಿ ಎಂಗಿತ್ತು ಅಂತ ಏಳ್ತೀನಿ, ಗಮನ ಇಟ್ಕೊಳ್ಳಿ. ಮುಂದೆ ಹಾಲು. ಅಲ್ಲಿ ಕೌಂಟರು, ಪಹಣಿ ಕೊಡೋ ಹುಡ್ಗಿ ಶಿವರಂಜಿನಿ ಕೂರ್ತಿದ್ಲು. ಅದರ ಹಿಂದೆ ದೊಡ್ಡಮಲ್ಲಪ್ಪನ ರೂಮು, ಯಾವಾಗ್ಲೂ ಬಾಗ್ಲು ಮುಚ್ಚಿದ್ದೇ. ಆ ರೂಮಿನಿಂದಾಚೆ ರೆಕಾರ್ಡ್ ರೂಮು, ಅಲ್ಲಿಂದ ಹಿತ್ಲಿಗೆ ಒಂದು ಬಾಗ್ಲು. ಮ್ಯಾಲೆ ಪೂರಾ ತಗಡು. ಒಲೆ ಇದ್ದಂಗಿತ್ತು ಒಳಗೆ.

ಡಾಕ್ಟ್ರು ಬಂದು ನೋಡಿ ಕೈ ಆಡಿಸ್ಬುಟ್ರು. ಈ ತಗಡಿನ ಬಿಸೀಲಿ ಹೊತ್ತು ಏಳಕ್ಕಾಗಲ್ಲ ರೀ, ಬೆಳಗ್ಗೆನೂ ಇರ್ಬೋದು, ಮಧ್ಯಾಹ್ನನೂ ಇರ್ಬೋದು, ಅಂದ್ರು. ನಾನು ಹೆಣದ ಬೆರಳಿಗೆ ಮಸಿ ಬಳ್ದು ಕಾಗದಕ್ಕೆ ಒತ್ತಿದೆ. ಎಲ್ಡು ಹೆಬ್ಬೆಟ್ಟೂ ಬರೀ ಕರೀ ಮುದ್ದೆ. ಎಸ್ಸೈ ಬೈದ. ಇಷ್ಟು ವರ್ಷ ಸರ್ವೀಸ್ ಆಗಿ ಮಸಿ ಬಳಿಯಕ್ಕೂ ಬರಲ್ವೇನ್ರಿ, ಅಂದ. ನಾನೂ ಮಸಿ ಜಾಸ್ತಿ ಆಯ್ತೇನೋ ಅಂತ ಸುಮ್ನಾದೆ.

ಮೇಜಿನ ಮ್ಯಾಲೆ ಅವನ ಎಲೆ ಅಡಿಕೆ ಡಬ್ಬಿ ಇತ್ತು. ತೆಗ್ದು ನೋಡ್ದೆ. ಒದ್ದೆ ಬಟ್ಟೇಲಿ ಸುತ್ತಿದ ಎಲೆ ಕಟ್ಟು. ಹೊಗೆಸೊಪ್ಪು. ಸುಣ್ಣ. ಕಟ್ಟು ಬಿಚ್ಚೇ ಇರ್ನಿಲ್ಲ.

ಮುಚ್ಚಿ, ಜಪ್ತಿ ಮಾಡಿದ ಸಾಮಾನಿನ ಜೊತೆ ಮಡಗಿದೆ. ಅವತ್ತಿಗೆ ಅದು ನನ್ ತಲೆಗೆ ಓಗ್ನಿಲ್ಲ.

* * *

ಆ ಕಚೇರೀಲಿ ಇನ್ನೊಬ್ಬ ಇದ್ದ. ಕನಕರಾಜು. ಸರ್ಕಾರಿ ನೌಕರಿ ಇಲ್ಲ, ಸಂಬಳ ಇಲ್ಲ, ಆದ್ರೆ ದಿನಾ ಬರ್ತಿದ್ದ, ದಿನಾ ದೊಡ್ಡಮಲ್ಲಪ್ಪನ ಪಕ್ಕದಲ್ಲಿ ಒಂದು ಸ್ಟೂಲ್ ಆಕ್ಕೊಂಡು ಕೂರ್ತಿದ್ದ. ಇಂಥೋರು ಎಲ್ಲ ಕಚೇರೀಲೂ ಅವ್ರೆ, ನಿಮಗೆ ಗೊತ್ತು. ನಿಮ್ಮಜ್ಜನ ಕಾಲದ ಖಾತೆ ನಕಲು ಬೇಕಾ? ಕನಕರಾಜು ತಾವ ಓಗು. ಸತ್ತೋರ ಸರ್ಟಿಫಿಕೇಟು, ವಿಧವಾ ಪಿಂಚಣಿ, ವಂಶವೃಕ್ಷ, ಯಾವ ಕಿಟಕಿ, ಯಾವ ಕಾಗದ, ಯಾವ ದಿನ ಸಾಹೇಬ್ರು ಸಿಕ್ತಾರೆ, ಎಲ್ಲಾ ಅವನ ಬಾಯ್ತುದೀಲಿ. ಮುದುಕೀರು ಅವನ ತಲೆ ಸವರಿ ಆಶೀರ್ವಾದ ಮಾಡ್ಬುಟ್ಟು ಓಗೋರು. ನನ್ನ ತಂಗಿ ಮನೆ ಖಾತೆನೂ ಅವನೇ ಮಾಡ್ಸಿಕೊಟ್ಟಿದ್ದ, ಸುಳ್ಳಾಡಲ್ಲ.

ಅವನು ಅಳ್ತಾ ಬಂದ. ಕಣ್ಣೆಲ್ಲ ಕೆಂಪಗೆ. ಎಸ್ಸೈ ಪಕ್ಕ ನಿಂತು ಮೆತ್ತಗೆ ಏಳ್ದ:

"ಸಾರ್, ನಮ್ಮ ಸಾಹೇಬ್ರು ಎಷ್ಟೊತ್ತಿನ ತನಕ ಬದುಕಿದ್ರು ಅಂತ ಮಿಷನ್ನೇ ಏಳ್ತದೆ. ಒಂದ್ಸಲ ತೆಗ್ಸಿ ನೋಡಿ."

ಆಗ ಹೊಸ್ದಾಗಿ ಕಂಪ್ಯೂಟರ್ ಬಂದಿತ್ತು ಕಣ್ರಪ್ಪ. ಯಾವ ಜಮೀನು ಯಾರ ಹೆಸರಿಗೆ ಓಗ್ಬೇಕಾದ್ರೂ ಸಾಹೇಬ್ರು ತಮ್ಮ ರೂಮಿನ ಕಂಪ್ಯೂಟರ್ ಪಕ್ಕದ ಒಂದು ಸಣ್ಣ ಡಬ್ಬಿ ಮ್ಯಾಲೆ ಹೆಬ್ಬೆಟ್ಟು ಇಡ್ಬೇಕು. ಗಾಜಿನ ಕೆಳಗೆ ಕೆಂಪು ದೀಪ ಅಂಟ್ಕೊತದೆ. ಹೆಬ್ಬೆಟ್ಟು ಒಪ್ಪಿದ್ರೆ ಅವರ ಹೆಸರು ಬಂದು ಖಾತೆ ಪಾಸ್ ಆಯ್ತದೆ. ಸಹಿ ಆದ್ರೆ ಯಾವನು ಬೇಕಾದ್ರೂ ತಿದ್ದಿ ಆಕ್ತಾನೆ, ಹೆಬ್ಬೆಟ್ಟು ಎಂಗೆ ತಿದ್ತೀಯ, ಅಂತ ಸರ್ಕಾರದ ಲೆಕ್ಕ.

ಶಿವರಂಜಿನಿ ಪ್ರಿಂಟ್ ತೆಗ್ದು ಕೊಟ್ಲು. ಬೆಳಗ್ಗೆಯಿಂದ ಒಂದೊಂದಾಗಿ ಖಾತೆ ಪಾಸ್ ಆಗಿತ್ತು. ಕೊನೇದು ಮಧ್ಯಾಹ್ನ ಊಟ ಆದ್ಮ್ಯಾಲೆ. ಎಲ್ಲದಕ್ಕೂ ದೊಡ್ಡಮಲ್ಲಪ್ಪನ ಹೆಬ್ಬೆಟ್ಟು.

"ಅಲ್ಲಿಗೆ ಊಟ ಆದ್ಮೇಲೆ ಸತ್ತಿದಾರೆ," ಅಂದ ಎಸ್ಸೈ. "ಆಮೇಲೆ ಒಳಗೆ ಯಾರ್ಯಾರು ಹೋದ್ರು?"

ಇಡೀ ಹಾಲು ಒಂದೇ ಹೆಸರು ಏಳ್ತು. ಮುಜೀಬ.

* * *

ಮುಜೀಬ ಟೆಂಪೋ ಓಡ್ಸೋ ಹುಡ್ಗ. ಹಳ್ಳೀಲಿ ಈರುಳ್ಳಿ ತುಂಬ್ಕೊಂಡು ಗುಂಡ್ಲುಪೇಟೆ ಮಂಡಿಗೆ ಆಕೋನು. ಇವರಪ್ಪ ತಗಡಿನ ಟ್ರಂಕ್ ಮಾಡ್ತಿದ್ದ. ಹರದನಹಳ್ಳಿ ರಸ್ತೇಲಿ ಅರ್ಧ ಎಕರೆ ಜಾಗ, ಅದರಲ್ಲಿ ಒಂದು ಶೆಡ್ಡು. ಅಪ್ಪ ತೀರ್ಕೊಂಡ್ಮ್ಯಾಲೆ ಶೆಡ್ಡಲ್ಲಿ ಮುಜೀಬ, ಅವನಕ್ಕ ಅಜೀಜಾ, ಇಬ್ರೇ. ಅಜೀಜಾ ಬಟ್ಟೆ ಒಲೀತಿದ್ಲು. ಅಪ್ಪನ ಹೆಸರಿನಿಂದ ತಮ್ಮ ಹೆಸರಿಗೆ ಮಾಡ್ಸೋಣ ಅಂತ ಪಹಣಿ ತೆಗ್ಸಿದ್ರೆ, ಅದರಲ್ಲಿ ಅಪ್ಪನ ಹೆಸರೇ ಇಲ್ಲ. ಯಾರೋ ಕೇಳದ ಹೆಸರು. ಜಾಗ ಮಾರೋಗದೆ ಅಂತ ಬರ್ದದೆ.

ಅದ್ಕೇ ಅವನು ಕಚೇರಿಗೆ ಅಲೀತಿದ್ದ. ಅವತ್ತು ಊಟದೊತ್ತು ಮುಗೀತಿದ್ದಂಗೆ ಬಂದವನೇ ದೊಡ್ಡಮಲ್ಲಪ್ಪನ ರೂಮಿನ ಬಾಗ್ಲು ಗುದ್ದವ್ನೆ. ಮುಚ್ಚಿದ ಬಾಗ್ಲ ಮುಂದೆ ನಿಂತು ಬಾಯಿಗೆ ಬಂದಂಗೆ ಬೈದವ್ನೆ. ಹಾಲಲ್ಲಿದ್ದೋರೆಲ್ಲ ಕೇಳವ್ರೆ. "ಆಚೆ ಬರ್ತೀಯಾ, ಇಲ್ಲ ನಾನೇ ಒಳಗೆ ಬಂದು ಕುತ್ತಿಗೆ ಹಿಸುಕ್ಲಾ?"

ಆಮ್ಯಾಲೆ ಕನಕರಾಜು ಹೊರಗಿನಿಂದ ಬಂದು, ಅವನ ಭುಜದ ಮ್ಯಾಲೆ ಕೈ ಆಕಿ, ಎದುರು ಹೋಟ್ಲಿಗೆ ಕರ್ಕೊಂಡೋಗಿ ಟೀ ಕುಡ್ಸಿದ. ಟೀ ಕುಡ್ದು ಮುಜೀಬ ಒಬ್ನೇ ವಾಪಸ್ ಬಂದ. ಬಾಗ್ಲು ತಳ್ಳಿದ. ಒಳಗೋದ. ಸ್ವಲ್ಪ ಹೊತ್ತಿಗೆ ಆಚೆ ಬಂದು, ಯಾರ ಮುಖಾನೂ ನೋಡ್ದೆ ಟೆಂಪೋ ಅತ್ತಿ ಓಗ್ಬುಟ್ಟ. ಕನಕರಾಜು ಮಾತ್ರ ಸಂಜೆ ತನಕ ಹೋಟ್ಲಲ್ಲೇ, ಜನರ ನಡುವೆ, ಅರ್ಜಿ ಬರೀತಾ ಕೂತಿದ್ದ.

ಅಷ್ಟು ಸಾಕಲ್ವಾ? ರಾತ್ರಿ ಕಳೆಯೋಕೆ ಮುಂಚೆ ಎಸ್ಸೈ ಶೆಡ್ಡಿಗೋಗಿ ಮುಜೀಬನ್ನ ಎತ್ತಾಕ್ಕೊಂಡು ಬಂದ.

ನಾನು ಕೇಳ್ದೆ. "ಒಳಗೆ ಯಾಕ್ಲಾ ಓದೆ?"

"ಕನಕರಾಜಣ್ಣ ಏಳ್ದ ಸಾಬ್. ಸಾಹೇಬ್ರು ಒಳಗವ್ರೆ, ಒಬ್ನೇ ಓಗಿ ಕಾಲಿಡ್ಕೊ, ಕೆಲ್ಸ ಆಯ್ತದೆ ಅಂತ. ಓದೆ. ಯಾರೂ ಇರ್ನಿಲ್ಲ. ಖಾಲಿ ಕುರ್ಚಿ. ಬಂದ್ಬುಟ್ಟೆ."

ಕನಕರಾಜು ಅಂಗೆ ಏಳೇ ಇಲ್ಲ ಅಂದ. ಪಾಪ ಹುಡ್ಗ ಎದುರ್ಕೊಂಡವ್ನೆ ಸಾರ್, ಏನೋ ಏಳ್ತಾನೆ, ಅಂತ ಅವನ ಪರವಾಗೇ ಮಾತಾಡ್ದ ಬೇರೆ. ನೀನು ಊಟ ಆದ್ಮೇಲೆ ಆ ರೂಮಿಗೆ ಹೋಗಿದ್ಯಾ ಅಂತ ಎಸ್ಸೈ ಕೇಳ್ದ. ಕಾಲೇ ಇಟ್ಟಿಲ್ಲ ಸಾರ್, ಅಂದ. ಅದನ್ನ ಬರ್ಕೊಂಡು ಸಹಿ ಆಕಿಸ್ಕೊಂಡ್ವಿ.

* * *

ಮಾರನೇ ದಿನ ಅಜೀಜಾ ಸ್ಟೇಷನ್ ಮುಂದೆ ಬಂದು ಕೂತ್ಕೊಂಡ್ಲು. ಅಳೋದು ಕರೆಯೋದು ಏನಿಲ್ಲ. ಬುರ್ಕಾ ಮುಸುಕು ಎತ್ಕೊಂಡು ನೆಟ್ಟಗೆ ನನ್ನನ್ನೇ ನೋಡ್ತಿದ್ಲು. ನನಗೆ ಇರಿಸುಮುರಿಸು ಆಗಿ, ಎದ್ದೋಗು ತಾಯಿ, ಕೋರ್ಟಲ್ಲಿ ನೋಡ್ಕೊ, ಅಂದೆ.

"ಒಂದು ಕೇಳ್ತೀನಿ ದಫೇದಾರಣ್ಣ. ನನ್ನ ತಮ್ಮ ಬಾಗ್ಲು ಗುದ್ದಿ ಅಷ್ಟೊಂದು ಬೈದ್ನಲ್ಲ. ಒಳಗಿಂದ ಏನಾದ್ರೂ ಮಾತು ಬಂತಾ?"

"ಇಲ್ಲ."

"ಒಂದು ಕೆಮ್ಮು? ಕುರ್ಚಿ ಸದ್ದು?"

ಅವಳೇ ಏಳಿದ್ಲು, ದೊಡ್ಡಮಲ್ಲಪ್ಪ ಬೈಗುಳ ಕೇಳಿ ಸುಮ್ನಿರೋ ಆಸಾಮಿ ಅಲ್ಲ ಅಂತ. ಹಿಂದಿನ ವಾರ ಇವಳೂ ಜೊತೇಲಿ ಓಗಿದ್ಲಂತೆ. ಮುಜೀಬ ಒಂದು ಮಾತಂದ್ರೆ ಅವರು ನಾಕು ವಾಪಸ್ ಕೊಟ್ರಂತೆ. ಆದ್ರೂ ಕಾಗದ ಇಸ್ಕೊಂಡು, ವಾರ ಬುಟ್ಟು ಬನ್ರಯ್ಯ ನೋಡ್ತೀನಿ, ಅಂದ್ರಂತೆ.

"ಅಂಥ ಬಾಯಿ ಅವತ್ತು ಯಾಕಣ್ಣ ಮುಚ್ಕೊಂಡಿತ್ತು?"

ಒಳಗೋಗಿ ಕೂತ್ರೆ ಕೂರಕ್ಕಾಗ್ನಿಲ್ಲ.

ಮೊದ್ಲು ಹುಚ್ಚಯ್ಯನ ಮ್ಯಾಲೆ ಕಣ್ಣಾಕಿದೆ. ಬೀಗದಕೈ ಅವನ ತಾವ. ಮಧ್ಯಾಹ್ನ ಪೂರಾ ಬಾಗ್ಲಲ್ಲೇ ಇದ್ದೆ ಅಂತ ಬರ್ಸಿದ್ದ. ಶಿವರಂಜಿನಿ ಕೇಳಿದ್ರೆ, ಇಲ್ಲ ಅಂಕಲ್, ಅವರು ಹನ್ನೊಂದರ ಮೇಲೆ ಕಾಣ್ಲೇ ಇಲ್ಲ, ಅಂದ್ಲು. ಇಡ್ಕಂಬಂದು ಕೂರ್ಸಿದೆ. ಕೊನೆಗೆ ಬಾಯ್ಬುಟ್ಟ, ಸಾರಾಯಿ ಅಂಗಡೀಲಿ ಬಿದ್ದಿದ್ನಂತೆ. ಅಂಗಡಿಯೋನೂ ಔದು ಅಂದ, ಪಕ್ಕದಲ್ಲಿ ಬಿದ್ದಿದ್ದೋನೂ ಔದು ಅಂದ.

"ಬೆಳಗ್ಗೆ ಸಾಹೇಬ್ರನ್ನ ಕೊನೆಗೆ ನೋಡಿದ್ದು ಯಾವಾಗ್ಲಾ?"

"ಬಂದೇಟ್ಗೆ ನೀರು ಕೊಟ್ಟೆ ಸ್ವಾಮಿ. ಅವ್ರೂ ಕನಕರಾಜೂ ಇದ್ರು. ಆಮ್ಯಾಕೆ ಕನಕರಾಜು ಆಚೆ ಬಂದು, ಸಾಹೇಬ್ರು ಕ್ಯಾಮೇಲವ್ರೆ, ಯಾರ್ನೂ ಬುಡ್ಬ್ಯಾಡ ಅಂದ. ಕಾಗ್ಜ ಎಲ್ಲ ಅವ್ನೇ ಒಳಿಕ್ಕೆ ತಕ್ಕೋಗಿ ತಕ್ಕಬತ್ತಿದ್ದ. ನಂಗೇನ್ ಕೆಲ್ಸ? ಓದೆ."

ಶಿವರಂಜಿನಿನ ಕೇಳ್ದೆ. ಅವಳೂ ಸಾಹೇಬ್ರ ಮುಖ ನೋಡಿರ್ನಿಲ್ಲ. ಹಾಲಲ್ಲಿ ಸಿಕ್ಕಿದೋರ್ನೆಲ್ಲ ಕೇಳ್ದೆ. ಅವತ್ತು ದೊಡ್ಡಮಲ್ಲಪ್ಪನ ಕೆಲ್ಸ ಎಲ್ರೂ ನೋಡವ್ರೆ. ಬೆಳಗ್ಗೆ ಒಳಗೋದ್ಮ್ಯಾಲೆ ದೊಡ್ಡಮಲ್ಲಪ್ಪನ್ನ ಒಬ್ರೂ ನೋಡಿಲ್ಲ.

ಸಾಹೇಬ್ರು ಬೆಳಗ್ಗೆನೇ ಸತ್ತೋಗಿದ್ರೆ, ಆ ಹುಡ್ಗ ಹೆಣಕ್ಕೆ ಬೈದವ್ನೆ.

ಆದ್ರೆ ಮಿಷನ್ನು? ಹೆಣ ಎದ್ದು ಬಂದು ಹೆಬ್ಬೆಟ್ಟು ಒತ್ತಿತಾ?

* * *

ಎಸ್ಸೈಗೆ ಏಳ್ದೆ. ಅವನು ನಗ್ನಿಲ್ಲ, ಅದು ಅವನ ದೊಡ್ಡ ಗುಣ. ಆದ್ರೆ, ಬೆಳಗ್ಗೆ ಮುಜೀಬ ಎಲ್ಲಿದ್ದ ಅಂತ ಮೊದ್ಲು ನೋಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ, ಅಂದ.

ಗುಂಡ್ಲುಪೇಟೆ ಬಸ್ ಅತ್ತಿದೆ. ಮಂಡೀಲಿ ಕಾಲಿಡಕ್ಕೆ ಜಾಗ ಇರ್ನಿಲ್ಲ. ಕೇರಳದ ಲಾರಿಗಳು ಸಾಲಾಗಿ ನಿಂತಿದ್ವು, ಡ್ರೈವರುಗಳು ಮಲಯಾಳದಲ್ಲಿ ಕೂಗ್ತಿದ್ರು, ಇವರು ಕನ್ನಡದಲ್ಲಿ ಬೈತಿದ್ರು, ವ್ಯಾಪಾರ ಮಾತ್ರ ನಡೀತಿತ್ತು. ಮಂಡಿ ಯಜಮಾನ ಸರ್ದಾರ್ ಸಾಬ್ರು ಗೋಣಿಚೀಲದ ಮ್ಯಾಲೆ ಕೂತಿದ್ರು. ಮುಜೀಬನ ಹೆಸರು ಎತ್ತಿದ್ದೇ ತಡ, ಎದ್ದು ನಿಂತ್ರು.

"ಆ ಮಗು ಬೆಳಗ್ಗೆ ಪೂರಾ ಇಲ್ಲೇ ಇತ್ತು ದಫೇದಾರ್ರೇ. ಲೋಡ್ ಇಳ್ಸಿ, ನನ್ನ ಜೊತೇಲಿ ಉಂಡು, ಆಮೇಲೆ ಹೊರಟಿದ್ದು. ನಾನೂ ಏಳ್ತೀನಿ, ಈ ಮಂಡೀನೂ ಏಳ್ತದೆ. ಆದ್ರೆ ಏಳಿ ಏನು ಪ್ರಯೋಜನ? ನಿಮ್ಮ ಮಿಷನ್ ಮಧ್ಯಾಹ್ನ ಅಂತದಲ್ಲ."

ನಾನು ಸುಸ್ತಾಗಿ ಅಲ್ಲೇ ಕುಕ್ಕರುಬಡ್ದೆ. ಪಕ್ಕದಲ್ಲಿ ಒಬ್ಳು ಮುದುಕಿ ಕೊಳ್ತ ಈರುಳ್ಳಿ ಬೇರೆ ಮಾಡ್ತಿದ್ಲು. ಪುಟ್ಟಸಿದ್ದಮ್ಮ ಅಂತ. ಪೊಲೀಸು ಅಂತ ಗೊತ್ತಾಗಿದ್ದೇ ನನ್ನ ಮ್ಯಾಲೆ ಬಿದ್ಲು. ಅವಳ ಪಿಂಚಣಿ ನಿಂತೋಗಿತ್ತಂತೆ.

"ಎಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ಗೆರೆ ಬಂದಿಲ್ಲ, ಇನ್ನೊಂದ್ಸಲ ಒತ್ತು ಅಂದ್ರು, ಒತ್ತಿದೆ. ನೀನು ನೀನೇ ಅಂತ ಎಂಗಮ್ಮ ನಂಬದು ಅಂತಾರೆ. ನೋಡು, ನೀನೇ ನೋಡು."

ಅಂತ ಹೆಬ್ಬೆಟ್ಟು ನನ್ನ ಮೂಗಿಗೆ ಇಡಿದ್ಲು. ನುಣ್ಣಗೆ ಹುಣಸೆ ಬೀಜ ಇದ್ದಂಗಿತ್ತು. ಒಂದು ಗೆರೆ ಇಲ್ಲ.

"ಏನ್ ಮಾಡ್ಕೊಂಡೆ ಅಜ್ಜಿ?"

"ಏನ್ ಮಾಡ್ಕೊಳನ? ಅರವತ್ತು ವರ್ಸದಿಂದ ಸುಣ್ಣ ತೀಡ್ತಿವ್ನಿ." ಅಂದವಳೇ ಅಂಗೈಗೆ ಹೊಗೆಸೊಪ್ಪು ಆಕ್ಕೊಂಡು, ಒಸಿ ಸುಣ್ಣ ಇಟ್ಕೊಂಡು, ಹೆಬ್ಬೆಟ್ಟಲ್ಲಿ ತೀಡಕ್ಕೆ ಶುರು ಮಾಡಿದ್ಲು.

ನನಗೆ ಆ ಮಸಿ ಮುದ್ದೆ ಕಣ್ಮುಂದೆ ಬಂತು. ಎಲ್ಡು ಹೆಬ್ಬೆಟ್ಟು, ಗೆರೆ ಇಲ್ದವು. ಆ ಬಿಚ್ಚದ ಎಲೆ ಕಟ್ಟೂ ಬಂತು. ಬಾಯಿ ಖಾಲಿ ಇರ್ಸದೇ ಇರೋ ಮನುಷ್ಯ ಊಟದೊತ್ತು ದಾಟಿದ್ರೂ ಕಟ್ಟು ಬಿಚ್ಚಿಲ್ಲ. ಪುಟ್ಟಸಿದ್ದಮ್ಮ ಇನ್ನೂ ಬೈತಾನೇ ಇದ್ಲು. ನಾನು ಬಸ್ ಸ್ಟ್ಯಾಂಡಿಗೆ ಓಡ್ದೆ.

* * *

ಎಸ್ಸೈ ಆ ಮಸಿ ಕಾಗದ ತೆಗ್ದು ಬೆಳಕಿಗೆ ಇಡಿದು ಬಾಳ ಹೊತ್ತು ನೋಡ್ದ. ಆಮ್ಯಾಲೆ ನನ್ನ ಕಡೆ ತಿರುಗಿ, ನಿಮಗೆ ಬೈದಿದ್ದು ತಪ್ಪಾಯ್ತು ಗುರುಸಿದ್ದಯ್ಯೋರೆ, ಅಂದ. ಬೇಡ ಬುಡಿ ಸಾರ್, ಈಗ ಜೀಪ್ ತೆಗೀರಿ, ಅಂದೆ.

ಕಚೇರೀಲಿ, ಸಾಹೇಬ್ರ ರೂಮಲ್ಲೇ ಎಲ್ರೂ ಇದ್ರು. ಶಿವರಂಜಿನಿ, ಹುಚ್ಚಯ್ಯ, ಸ್ಟೂಲ್ ಮ್ಯಾಲೆ ಕನಕರಾಜು. ನಮ್ಮನ್ನ ನೋಡಿ ಅವನೇ ಎದ್ದು ಕುರ್ಚಿ ಒರೆಸಿ ಆಕ್ದ. ನಾವು ಕೂತಿದ್ದೇ ಕರೆಂಟು ಓಯ್ತು. ಲೋಡ್ ಶೆಡ್ಡಿಂಗು. ತಗಡಿನ ಮನೆ ಕತ್ಲಾಯ್ತು. ಕಂಪ್ಯೂಟರಿನ ಯುಪಿಎಸ್ಸು ಕುಂಯ್ ಕುಂಯ್ ಅನ್ನಕ್ಕೆ ಶುರುವಾಯ್ತು.

"ಎಷ್ಟೊತ್ತು ಬರ್ತದೆ ಇದು?" ಅಂದೆ.

"ಹತ್ತು ನಿಮಿಷ ಬಂದ್ರೆ ಪುಣ್ಯ ಅಂಕಲ್," ಅಂದ್ಲು ಶಿವರಂಜಿನಿ.

"ಸಾಕು. ದೊಡ್ಡಮಲ್ಲಪ್ಪೋರ ಹೆಸರು ತೆಗಿ."

ತೆಗೆದ್ಲು. ಡಬ್ಬಿಯ ಗಾಜು ಕೆಂಪಗಾಯ್ತು. ಆ ಕತ್ಲಲ್ಲಿ ಪರದೆ ಬುಟ್ರೆ ಅದೊಂದೇ ಬೆಳಕು. ಎಲ್ರೂ ಒಂದೊಂದ್ಸಲ ಹೆಬ್ಬೆಟ್ಟು ಇಡ್ಬೇಕು ಅಂದೆ. ಮೊದ್ಲು ನಾನೇ ಇಟ್ಟೆ. ಒಪ್ಪಲ್ಲ ಅಂತು. ಎಸ್ಸೈ ಇಟ್ಟ. ಒಪ್ಪಲ್ಲ. ಶಿವರಂಜಿನಿ. ಒಪ್ಪಲ್ಲ. ಹುಚ್ಚಯ್ಯ ಕೈ ಚಡ್ಡಿಗೆ ಒರೆಸ್ಕೊಂಡು ಎದ್ರತಾ ಇಟ್ಟ. ಒಪ್ಪಲ್ಲ.

ಕನಕರಾಜು ಕೈ ಜೇಬಲ್ಲಿತ್ತು.

"ಬಾರಪ್ಪ," ಅಂದೆ.

"ನಾನು ಆಫೀಸಿನೋನು ಅಲ್ವಲ್ಲ ದಫೇದಾರ್ರೇ. ನಂದ್ಯಾಕೆ?"

"ನಾನೂ ಆಫೀಸಿನೋನಲ್ಲ. ಇಟ್ನಲ್ಲ."

"ಈಗ ಆಫ್ ಆಯ್ತದೆ. ಕರೆಂಟ್ ಬರ್ಲಿ, ಇಡ್ತೀನಿ."

ಕುಂಯ್ ಕುಂಯ್ ಸದ್ದು ಬಿರ್ನೆ ಬಿರ್ನೆ ಬರ್ತಿತ್ತು. ಅವನು ಅದನ್ನೇ ಕೇಳ್ತಾ ನಿಂತಿದ್ದ. ನಾನೇ ಅವನ ಮಣಿಕಟ್ಟು ಇಡ್ದು ಜೇಬಿನಿಂದ ಈಚೆಗೆಳ್ದೆ, ಹೆಬ್ಬೆಟ್ಟು ಗಾಜಿನ ಮ್ಯಾಲೆ ಒತ್ತಿದೆ.

ಮೂರು ದಿನದ ಹಿಂದೆ ಮಣ್ಣು ಮಾಡಿದ್ದ ಮನುಷ್ಯನ ಹೆಸರು ಪರದೆ ಮ್ಯಾಲೆ ಬಂತು. ದೊಡ್ಡಮಲ್ಲಪ್ಪ, ಸ್ವಾಗತ.

* * *

ಅಷ್ಟಕ್ಕೆ ಒಪ್ಕೊಂಡ ಅನ್ಕೊಂಡ್ರಾ? ಸಾಧ್ಯನೇ ಇಲ್ಲ. ನಗಕ್ಕೇ ಶುರು ಮಾಡ್ದ.

"ಅಯ್ಯೋ, ಇದಾ? ಇದು ಸಾಹೇಬ್ರೇ ಏಳಿ ಮಾಡ್ಸಿದ್ದು ಸಾರ್. ಅವರದು ಒಪ್ತಿರ್ನಿಲ್ಲ. ದಿನಾ ನಾನೇ ಒತ್ತೋದು. ಹುಚ್ಚಯ್ಯನ್ನ ಕೇಳಿ."

ಎಸ್ಸೈ ಹುಚ್ಚಯ್ಯನ ಕಡೆ ತಿರುಗ್ದ. ಹುಚ್ಚಯ್ಯ ತಲೆ ಆಡಿಸ್ದ.

"ಔದು ಸ್ವಾಮಿ. ಮಿಷನ್ ಕೂರ್ಸಕ್ಕೆ ಮೈಸೂರಿನಿಂದ ಇಂಜಿನಿಯರ್ ಬಂದಿದ್ದಾಗಿಂದ್ಲೂ ಅಂಗೇಯ. ಸಾಹೇಬ್ರು ಕೂತಿರೋರು, ಇವ್ನು ಎಬ್ಬೆಟ್ಟು ಮಡಗ್ತಿದ್ದ."

"ಯಾಕ್ಲಾ ಮೊದ್ಲೇ ಏಳ್ನಿಲ್ಲ?"

"ನೀವು ಕೇಳ್ನಿಲ್ವಲ್ಲ."

ಅವನ ಮ್ಯಾಲೆ ಸಿಟ್ಟೂ ಬರಲ್ಲ ಕಣ್ರಪ್ಪ. ನಮ್ಮೋರಿಗೆ ಅದು ಸಹಜ. ಪಕ್ಕದ ಮನೆಯೋನ ಪರವಾಗಿ ಪೋಸ್ಟ್ ಇಸ್ಕೊಂಡು ಸಹಿ ಆಕಲ್ವಾ? ಅಂಗೇ ಇದೂ. ಸಾಹೇಬ್ರ ಬಲಗೈ ಹೆಬ್ಬೆಟ್ಟು ಹೊಗೆಸೊಪ್ಪು ತೀಡಿ ತೀಡಿ ಸವೆದಿತ್ತು, ಎಡಗೈದು ಎಲೆಗೆ ಸುಣ್ಣ ಸವರಿ ಸವರಿ. ಇನ್ನೂ ಎಂಟು ಬೆರಳು ಇದ್ವಲ್ಲ, ಅದರಲ್ಲಿ ಒಂದು ಇಡ್ಬೋದಿತ್ತು. ಯಾರಿಗೂ ಒಳೀನಿಲ್ಲ. ನಮ್ಮಲ್ಲಿ ಸರ್ಕಾರಕ್ಕೆ ಒತ್ತೋದು ಅಂದ್ರೆ ಹೆಬ್ಬೆಟ್ಟೇ, ಮುತ್ತಾತನ ಕಾಲದಿಂದ. ಇಂಜಿನಿಯರ್‌ಗೆ ಬಸ್ಸಿಗೆ ಹೊತ್ತಾಗಿತ್ತು. ದೊಡ್ಡಮಲ್ಲಪ್ಪ ಪಕ್ಕ ತಿರುಗಿ, ಲೋ ಕನಕರಾಜು, ನಿಂದೇ ಮಡಗ್ಲಾ ಅತ್ಲಾಗಿ, ಅಂದಿದ್ರು. ಆ ಒಂದು ಮಾತಲ್ಲಿ ಇಡೀ ತಾಲ್ಲೂಕಿನ ಜಮೀನು ಅವನ ಬೆರಳ ತುದಿಗೆ ಓಗಿತ್ತು.

ನಾನು ಸ್ಟೂಲ್ ಎಳ್ಕೊಂಡು ಕನಕರಾಜು ಎದುರು ಕೂತೆ.

"ಸರಿ ಕಣಪ್ಪ. ಅವತ್ತು ಊಟ ಆದ್ಮ್ಯಾಲೆ ಒತ್ತಿದ್ದೂ ನೀನೇ?"

"ನಾನೇ. ಅದರಲ್ಲೇನು ತಪ್ಪು?"

"ಸಾಹೇಬ್ರು ಎಲ್ಲಿದ್ರು?"

"ಪಕ್ಕದಲ್ಲೇ ಕೂತಿದ್ರು."

"ಮುಜೀಬ ಬಾಗ್ಲು ಗುದ್ದಿದಾಗ್ಲೂ?"

"ಅವಾಗ್ಲೂ. ನಾನು ಹಿತ್ಲ ಕಡೆಯಿಂದ ಸುತ್ಕೊಂಡು ಬಂದು ಅವನ್ನ ಕರ್ಕೊಂಡೋದೆ."

"ಅಷ್ಟು ಬೈದ್ರೂ ಸಾಹೇಬ್ರು ಯಾಕಪ್ಪ ಸುಮ್ನಿದ್ರು?"

"ಬಾಯ್ತುಂಬ ಎಲೆ ಇತ್ತು. ಬೆಳಗ್ಗೆಯಿಂದ ಆಕ್ಕೊಳ್ತಾನೇ ಇದ್ರು. ಎಂಗೆ ಮಾತಾಡ್ತಾರೆ?"

ನಾನು ಜೀಪಿನಿಂದ ಸಾಹೇಬ್ರ ಎಲೆ ಅಡಿಕೆ ಡಬ್ಬಿ ತರ್ಸಿದೆ. ಅವನ ಮುಂದೆ, ಪರದೆ ಬೆಳಕಲ್ಲಿ ಮುಚ್ಚಳ ತೆಗ್ದೆ. ಎಲೆ ಕಟ್ಟು ಒಣಗಿ ಹಳದಿ ಆಗಿತ್ತು. ದಾರ ಬಿಚ್ಚಿರ್ನಿಲ್ಲ.

"ಯಾವ ಎಲೆ ಆಕ್ಕೊಂಡ್ರು ಕನಕರಾಜು? ಡಾಕ್ಟ್ರು ಬಾಯಿ ತೆಗ್ದು ನೋಡವ್ರೆ. ಹಲ್ಲುಜ್ಜಿದಂಗಿತ್ತು."

ಎಸ್ಸೈ ತನ್ನ ಫೈಲಿನಿಂದ ಕಾಗದ ತೆಗ್ದು ಅದೇ ಬೆಳಕಲ್ಲಿ ಓದ್ದ. "ಊಟ ಆದ್ಮೇಲೆ ಆ ರೂಮಿಗೆ ಕಾಲೇ ಇಟ್ಟಿಲ್ಲ. ಕೆಳಗೆ ನಿನ್ನ ಸಹಿ."

ಯುಪಿಎಸ್ಸು ಒಂದು ಉದ್ದ ಸದ್ದು ಮಾಡಿ ನಿಂತೋಯ್ತು. ಕೆಂಪು ದೀಪ ಆರ್ತು. ಆ ಕತ್ಲಲ್ಲೇ ಕನಕರಾಜು ಒಂದೇ ಸ್ವರದಲ್ಲಿ, ಯಾರದೋ ಅರ್ಜಿ ಓದ್ದಂಗೆ, ಎಲ್ಲಾ ಏಳ್ದ.

ಮೊದ್ಲು ಸಾಹೇಬ್ರು ಏಳಿದ್ದಕ್ಕೆ ಮಾತ್ರ ಒತ್ತುತಿದ್ನಂತೆ. ಆಮ್ಯಾಲೆ ಸಾಹೇಬ್ರು ರಜಾ ಓದಾಗ ತನಗೆ ಬೇಕಾದ್ದಕ್ಕೆ ಒತ್ತಕ್ಕೆ ಶುರು. ಕೇಳೋರಿಲ್ಲದ ಜಾಗ, ಸತ್ತೋರ ಜಾಗ, ಓದಕ್ಕೆ ಬರದೋರ ಜಾಗ. ಕಾಗದ ಎಲ್ಲಿದೆ ಅಂತ ಊರಿಗೆಲ್ಲ ತೋರ್ಸೋನಿಗೆ ಯಾರ ಕಾಗದ ಯಾರೂ ನೋಡಲ್ಲ ಅನ್ನೋದೂ ಗೊತ್ತಿರ್ತದಲ್ವಾ. ಮುಜೀಬನ ಅಪ್ಪನ ಅರ್ಧ ಎಕರೆ ತನ್ನ ಬಾಮೈದನ ಹೆಸರಿಗೆ ತಿರುಗ್ಸಿದ್ದ. ಮುಜೀಬ ಬಂದು ಗಲಾಟೆ ಮಾಡಿದ್ಮ್ಯಾಲೆ ದೊಡ್ಡಮಲ್ಲಪ್ಪ ಆ ಖಾತೆ ತೆಗ್ದು ನೋಡವ್ರೆ. ತಮ್ಮದೇ ಹೆಸರಲ್ಲಿ ಪಾಸ್ ಆಗದೆ. ಪಾಸ್ ಆದ ದಿನ ನೋಡವ್ರೆ. ಅವತ್ತು ಅವರು ಮಗಳ ಬಾಣಂತನಕ್ಕೆ ಅಂತ ಉಮ್ಮತ್ತೂರಲ್ಲಿದ್ರು.

ಸತ್ತ ದಿನ ಬೆಳಗ್ಗೆ ಬಂದವರೇ ಕನಕರಾಜುನ ರೆಕಾರ್ಡ್ ರೂಮಿಗೆ ಕರ್ದು ನಿಲ್ಸಿ ಕೇಳವ್ರೆ. ಇನ್ನೂ ಎಷ್ಟು ಅವೆ ಅಂತ ಗಂಟು ಬಿಚ್ಚಕ್ಕೆ ಶುರು ಮಾಡವ್ರೆ. ಬಿಚ್ಚಿದ ಬಟ್ಟೆ ಇವನ ಕೈಲಿತ್ತು.

ಆಮ್ಯಾಲೆ ದಿನ ಪೂರಾ ಗೋಡೆ ಈಚೆ ಕೂತ್ಕೊಂಡು ಖಾತೆ ಪಾಸ್ ಮಾಡ್ತಾ ಇದ್ದ. ಸತ್ತೋರು ಬದುಕವ್ರೆ ಅಂತ ಮಿಷನ್ ಏಳ್ಲಿ ಅಂತ. ಮುಜೀಬ ವಾರ ಬುಟ್ಟು ಬರೋ ದಿನ ಅದೇ ಅಂತ ಗೊತ್ತಿತ್ತು. ಅವನು ಬಂದು ಕೂಗಾಡೋ ತನಕ ಕಾದ. ಕೊನೇ ಹೆಬ್ಬೆಟ್ಟು ಒತ್ತಿದ. ಸುತ್ಕೊಂಡು ಬಂದು ಟೀ ಕುಡ್ಸಿದ. ಒಬ್ನೇ ಒಳಗೋಗು ಅಂದ.

ಹೊಗೆಸೊಪ್ಪು ಮುಟ್ಟದೋನು ಅವನು. ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ರೂ ಆ ಡಬ್ಬೀನ ಒಂದ್ಸಲ ತೆಗ್ದು ನೋಡಿರ್ನಿಲ್ಲ.

* * *

ಆ ಹೆಬ್ಬೆಟ್ಟಲ್ಲಿ ಇನ್ನೂ ಏನೇನು ಪಾಸ್ ಆಗದೆ ಅಂತ ಒಂದು ಕಮಿಟಿ ಮಾಡಿದ್ರು. ಸಾಹೇಬ್ರು ಏಳಿ ಒತ್ಸಿದ್ದು ಯಾವ್ದು, ಇವನೇ ಒತ್ತಿದ್ದು ಯಾವ್ದು, ಎಂಗೆ ಬೇರೆ ಮಾಡ್ತೀರಿ? ಬೆರಳು ಒಂದೇ. ಕಮಿಟಿ ಎಲ್ಡು ಸಲ ಕೂತು ಎದ್ದೋಯ್ತು. ನನ್ನ ತಂಗಿ ಮನೆ ಖಾತೆ ತೆಗ್ಸಿ ನೋಡ್ದೆ. ಸರಿಯಾಗೇ ಇತ್ತು. ಆದ್ರೂ ಆಗಾಗ ಓಗಿ ತೆಗ್ಸಿ ನೋಡ್ತೀನಿ. ನೀವೂ ನೋಡ್ಕೊಳ್ಳಿ.

ಮುಜೀಬನ್ನ ಬುಡೋ ದಿನ ನಾನೇ ಜೈಲಿನ ಬಾಗ್ಲಿಗೆ ಓಗಿದ್ದೆ. ಅಜೀಜಾ ಟೆಂಪೋ ಪಕ್ಕ ನಿಂತಿದ್ಲು. ಅವನು ಈಚೆ ಬಂದ. ಅಕ್ಕನ ಕಡೆ ಓಗ್ನಿಲ್ಲ. ನನ್ ತಾವ ಬಂದ.

"ದಫೇದಾರ್ ಸಾಬ್. ನಾನು ಬಾಗ್ಲ ಮುಂದೆ ಬೈದಾಗ ಅವರು ಸತ್ತೋಗಿದ್ರಾ?"

"ಬೆಳಗ್ಗೆನೇ."

"ಯಾಕೆ ಸಾಯ್ಸಿದ್ದು?"

ನಾನು ಸುತ್ತಿ ಬಳ್ಸಿ ಮಾತಾಡೋನಲ್ಲ. ನಿಮಗೆ ಗೊತ್ತು. ಏಳ್ಬುಟ್ಟೆ. ದೊಡ್ಡಮಲ್ಲಪ್ಪ ಕೊನೆಗೆ ಆಡಿದ ಮಾತು ಏನು ಅಂತ ಕನಕರಾಜು ಬರ್ಸಿದ್ನಲ್ಲ, ಅದನ್ನೂ ಏಳ್ದೆ.

"'ಆ ಟ್ರಂಕ್ ಸಾಬರ ಮಗ ಇವತ್ತು ಬರ್ತಾನೆ. ಅವನು ಬರೋದ್ರೊಳಗೆ ಅವರಪ್ಪನ ಜಾಗ ಅವನಿಗೆ ವಾಪಸ್ ಓಗ್ಬೇಕು. ಇಲ್ಲ ನಾನು ನಿನ್ನ ಎಳ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಓಯ್ತೀನಿ.' ಅಂಗಂದ್ರಂತೆ."

ಮುಜೀಬ ಅಲ್ಲೇ ಜೈಲಿನ ಗೋಡೆಗೆ ಒರಗಿ ಕೂತ್ಬುಟ್ಟ. ಅಜೀಜಾ ಬಂದು ಎಬ್ಸಿದ್ಲು. ಏಳ್ನಿಲ್ಲ. ಭಾಯಿ, ಮನೆಗೋಗನ ಬಾ, ಅಂದ್ಲು. ಬಿಸ್ಲು ಇಳ್ಯೋ ತನಕ ಅವನು ಅಲ್ಲೇ ಕೂತಿದ್ದ, ಅವಳು ಅವನ ಪಕ್ಕ ನಿಂತಿದ್ಲು.

ಜಾಗ ವಾಪಸ್ ಬರಕ್ಕೆ ಮುಂದಿನ ಮುಂಗಾರು ಬಂತು. ಆ ಪಹಣಿ ಇಸ್ಕೊಳಕ್ಕೆ ಅಜೀಜಾ ಒಬ್ಳೇ ಕಚೇರಿಗೆ ಬಂದಿದ್ಲು. ಮುಜೀಬ ರಸ್ತೆ ಆ ಬದೀಲಿ ಟೆಂಪೋಲಿ ಕೂತಿದ್ದ. ಬಾಗ್ಲ ಕಡೆ ಬೆನ್ನು ಮಾಡ್ಕೊಂಡಿದ್ದ. ಇಂಜಿನ್ ಆಫ್ ಮಾಡಿರ್ನಿಲ್ಲ.